ಗೆರಟೆಯ ಬೆಂಕಿ

ನನ್ನ ಸಣ್ಣ ಮಾವನ ಮುಂದಿನ ಎರಡು ಹಲ್ಲುಗಳ ಅಂಚು ಸವೆದು ಓರೆಯಾಗಿತ್ತು. ಅವರಿಗೆ ಎಲೆಅಡಿಕೆಯ ಅಭ್ಯಾಸವಾಗಲಿ ಬೀಡಿಯ ಚಟವಾಗಲಿ ಇರಲಿಲ್ಲ. ಅವರು ಕಲ್ಲು ಕಚ್ಚುತ್ತಿದ್ದರು. ಬೂದು ಬಣ್ಣದ, ಪದರ ಪದರವಾಗಿ ಏಳುವ ಒಂದು ಜಾತಿಯ ಕಲ್ಲಿನ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮುಂದಿನ ಹಲ್ಲಿನಲ್ಲಿ ನಿಧಾನವಾಗಿ ಅರೆಯುವರು. ಹಲ್ಲಿಗೆ ಕರಕರ ಎಂದರೆ ಅದರಲ್ಲಿ ಮರಳು ಸೇರಿದೆ ಎಂದು ಅರ್ಥ. ನುಣ್ಣಗೆ ಜಾರಿದರೆ ಅದು ಅಪ್ಪಟ ಕೆಸರು, ಗಟ್ಟಿಯಾಗಿ ಕಲ್ಲಾದದ್ದು. ಆಮೇಲೆ ಅಂಗಳದ ಮೂಲೆಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬರುವರು. ನನ್ನ ಅಮ್ಮನಿಗೆ ಇದನ್ನು ನೋಡಲಾಗುತ್ತಿರಲಿಲ್ಲ.

"ಮನೆಯಲ್ಲಿ ಅಕ್ಕಿ ಉಂಟು ಮಾರಾಯ, ಕಲ್ಲು ಯಾಕೆ ತಿನ್ನುದು?" ಎಂದು ತಮ್ಮನನ್ನು ಗದರುತ್ತಿದ್ದಳು.

ನೆಲದೊಳಗಿನ ಎಣ್ಣೆ ಹುಡುಕುವ ಸರ್ಕಾರಿ ಕೆಲಸ ಅವರದು, ಗುಜರಾತಿನ ಕಡೆ. ಬಂಟ್ವಾಳದ ಪೇಟೆಯಲ್ಲಿ ಆ ಕಾಲಕ್ಕೆ ವಕೀಲರಿದ್ದರು, ಡಾಕ್ಟರರಿದ್ದರು, ಮುಂಬಯಿಯಲ್ಲಿ ಹೋಟೆಲು ಇಟ್ಟವರಂತೂ ಮನೆಗೊಬ್ಬರಿದ್ದರು. ಭೂಗರ್ಭಶಾಸ್ತ್ರ ಕಲಿತವರು ಇವರೊಬ್ಬರೇ. ಅದೆಂಥ ವಿದ್ಯೆ ಎಂದು ಯಾರಿಗೂ ಸರಿಯಾಗಿ ತಿಳಿಯದ ಕಾರಣ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚಿತ್ತು. ಬಯಲಿನಲ್ಲಿ ಕಲ್ಲು ಹುಡುಕುತ್ತ ಅಲೆಯುವ ಕೆಲಸ ಮಳೆಗಾಲದಲ್ಲಿ ನಿಲ್ಲುವುದರಿಂದ ಅವರಿಗೆ ರಜೆ ಸಿಗುತ್ತಿದ್ದದ್ದು ಆಟಿ ತಿಂಗಳಿನಲ್ಲಿ, ಅಂದರೆ ತುಳುವರ ಆಷಾಢದಲ್ಲಿ. ನಮ್ಮ ಕಡೆ ಆಟಿಗೆ ತವರಿಗೆ ಬರುವವಳು ಹೊಸ ಮದುಮಗಳು. ಮದುವೆಯೇ ಆಗದ ಸಣ್ಣ ಮಾವ ಟ್ರಂಕು ಹೊತ್ತುಕೊಂಡು ನರಿಕೊಂಬಿನ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಹೆಂಗಸರೆಲ್ಲ, "ಬಂದಳು ನೋಡಿ ನಮ್ಮ ಮದುಮಗಳು" ಎಂದು ನಗುತ್ತಿದ್ದರು. ಅವರೂ ತಲೆ ತಗ್ಗಿಸಿ ನಾಚಿದ ಹಾಗೆ ನಟಿಸುತ್ತಿದ್ದರು.

ನಮ್ಮದು ಅಳಿಯಕಟ್ಟಿನ ಮನೆ. ಅಂದರೆ ಅಮ್ಮ ಮತ್ತು ಅವಳ ಮಗಳಾದ ನಾನು ಇದ್ದದ್ದು ಅವಳ ಅಣ್ಣತಮ್ಮಂದಿರ ಜೊತೆಯಲ್ಲೇ. ಯಜಮಾನಿಕೆ ದೊಡ್ಡ ಮಾವನದು. ದೊಡ್ಡ ಮಾವ ಕೆಟ್ಟವರಲ್ಲ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಮನೆತನದ ಮರ್ಯಾದೆ ಹೋಗುತ್ತದೆ ಎಂದು ನಂಬಿದ್ದವರು. ಸಣ್ಣ ಮಾವನ ಸ್ವಭಾವ ಇದಕ್ಕೆ ತೀರ ಉಲ್ಟಾ. ಒಂದು ಸಲ ಬೆಳ್ತಂಗಡಿಯ ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ, "ಎಣ್ಣೆ ಸಿಕ್ಕಿತಾ?" ಎಂದು ಯಾರೋ ಕೇಳಿದರು. ದೊಡ್ಡ ಮಾವ ಏನೋ ಹೇಳಿ ಮುಚ್ಚಿಹಾಕುವಷ್ಟರಲ್ಲಿ ಇವರು, "ಇಲ್ಲ. ನಾನು ತೋರಿಸಿದ ಜಾಗದಲ್ಲೇ ತೋಡಿದರು. ಬರೇ ಉಪ್ಪುನೀರು ಬಂತು. ನನ್ನ ಲೆಕ್ಕವೇ ತಪ್ಪಿತ್ತು" ಎಂದು ಸಾರು ಕಲಸಿಕೊಳ್ಳುತ್ತ ಹೇಳಿಬಿಟ್ಟರು. ದೊಡ್ಡ ಮಾವನ ಮುಖ ಕಪ್ಪಾಯಿತು.

ಅವರಿಗೆ ಒಂದು ಮಾತಿತ್ತು, "ಕಚ್ಚಿ ನೋಡದೆ ಹೇಳಬೇಡ." ಮಾವಿನಕಾಯಿಯಿಂದ ಹಿಡಿದು ಮದುವೆಯ ಸಂಬಂಧದವರೆಗೆ ಎಲ್ಲದಕ್ಕೂ ಅದನ್ನೇ ಹೇಳುವರು.

ಕೆಲಸದ ಹೊರಗೆ ಅವರಿಗೆ ಒಂದು ಹುಚ್ಚು ಇತ್ತು, ಆ ಬೂದು ಕಲ್ಲಿನದು. ಎಣ್ಣೆ ಹುಡುಕುವವರೆಲ್ಲ ಆಗ ಮರಳುಗಲ್ಲಿನ ಹಿಂದೆ ಬಿದ್ದಿದ್ದರಂತೆ. ಮರಳುಗಲ್ಲಿನಲ್ಲಿ ಸಂದುಗಳಿರುತ್ತವೆ, ಎಣ್ಣೆಯೂ ಅನಿಲವೂ ಅಲ್ಲಿ ಬಂದು ನಿಲ್ಲುತ್ತವೆ, ಕೊಳವೆ ಇಳಿಸಿದರೆ ಮೇಲೆ ಬರುತ್ತವೆ. ಆದರೆ ಅವು ಹುಟ್ಟುವುದು ಈ ಬೂದು ಕೆಸರುಗಲ್ಲಿನಲ್ಲಿ. "ಹುಟ್ಟಿದ್ದೆಲ್ಲ ಮನೆ ಬಿಟ್ಟು ಹೋಗುತ್ತದಾ? ಅರ್ಧ ಅಲ್ಲೇ ಉಳಿದಿರುತ್ತದೆ, ಆ ಕಲ್ಲು ಬಿಟ್ಟುಕೊಡುವುದಿಲ್ಲ ಅಷ್ಟೇ" ಎನ್ನುತ್ತಿದ್ದರು. ಬಿಟ್ಟುಕೊಡದ ಕಲ್ಲಿನಿಂದ ಅನಿಲವನ್ನು ಹೊರಗೆ ತರುವ ದಾರಿ ಹುಡುಕಬೇಕೆಂಬುದು ಅವರ ಆಸೆ. ಮೇಲಿನ ಅಧಿಕಾರಿಗಳು, "ಕಲ್ಲು ಹಿಂಡಿ ಗಾಳಿ ತೆಗೀತೀರಾ?" ಎಂದು ತಮಾಷೆ ಮಾಡಿದ್ದರಂತೆ. ಅದನ್ನೂ ಅವರೇ ನಮಗೆ ಹೇಳಿ ನಕ್ಕಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಆಟಿಯ ಒಂದು ಸಂಜೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕೆಸರಿನಲ್ಲಿ ಅನಿಲ ಹೇಗೆ ಇರುತ್ತದೆ ಎಂದು ನಾನು ಕೇಳಿದ್ದಕ್ಕೆ ಸಣ್ಣ ಮಾವ, "ಬಾ, ತೋರಿಸ್ತೇನೆ" ಎಂದು ಎಲ್ಲರನ್ನೂ ಕೆಳಗಿನ ಬೈಲುಗದ್ದೆಗೆ ಹೊರಡಿಸಿದರು. ಆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದದ್ದು ನಮ್ಮ ಒಕ್ಕಲಿನ ಅಜ್ಜ. ಅವರ ಅಪ್ಪನ ಕಾಲದಿಂದಲೂ ಅವರದೇ ಬೇಸಾಯ. ಅವರನ್ನು 'ಅವನು' ಎಂದು ಕರೆಯುವುದೇ ನಮ್ಮ ಮನೆಯ ರೂಢಿ. ಈಗ ಬರೆಯುವಾಗ ಕೈ ಏಳುವುದಿಲ್ಲ.

ಗದ್ದೆಯ ಮೂಲೆಯಲ್ಲಿ ಸೊಪ್ಪು ಕೊಳೆಯುವ ಒಂದು ಗುಂಡಿ ಇತ್ತು. ಅಜ್ಜ ಸೊಂಟದವರೆಗೆ ಇಳಿದು ಬಿದಿರಿನಿಂದ ಕೆಸರನ್ನು ಕಲಕಿದರು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಸಣ್ಣ ಮಾವ ಕಣ್ಣು ತೂತು ಮಾಡಿದ ಒಂದು ತೆಂಗಿನ ಗೆರಟೆಯನ್ನು ತೂತಿಗೆ ಬೆರಳಿಟ್ಟು ನೀರಿನಲ್ಲಿ ಕವುಚಿ ಹಿಡಿದು, ಆ ಗುಳ್ಳೆಗಳನ್ನೆಲ್ಲ ಅದರೊಳಗೆ ತುಂಬಿಸಿಕೊಂಡರು. ಆಮೇಲೆ ಬೆರಳು ತೆಗೆದು, ಗೆರಟೆಯನ್ನು ನೀರಿಗೆ ಒತ್ತುತ್ತ ಕಡ್ಡಿ ಗೀರಿದರು. ಗೆರಟೆಯ ಕಣ್ಣಿನಲ್ಲಿ ನೀಲಿ ಬೆಂಕಿ ಎದ್ದು ನಿಂತಿತು.

ಹೆಂಗಸರು ಕಿರುಚಿದರು. ಅಜ್ಜ ಕೆಸರಿನಲ್ಲಿ ನಿಂತಲ್ಲೇ ಬಾಯ್ತುಂಬ ನಕ್ಕು, "ನನ್ನ ಗದ್ದೆಗೆ ಬೆಂಕಿ ಉಂಟು ಅಂತ ಇಷ್ಟು ವರ್ಷ ನನಗೇ ಗೊತ್ತಿರ್ಲಿಲ್ಲ ಸಣ್ಣ ಧಣಿ!" ಎಂದರು. ಮತ್ತೆ ಮತ್ತೆ ಹೊತ್ತಿಸಿದ್ದಾಯಿತು. ಸಣ್ಣ ಮಾವನಿಗೂ ಉಮೇದು ಬಂದಿತ್ತು.

"ನಾವು ಅಲ್ಲಿ ಸಾವಿರಾರು ಅಡಿ ತೋಡಿ ಹುಡುಕುವುದು ಇದನ್ನೇ ಅಣ್ಣ. ಇಲ್ಲಿ ಕಾಲಡಿಯಲ್ಲೇ ಉಂಟು ನೋಡಿ!"

ಗದ್ದೆಯ ಬದುವಿನ, ಕಟ್ಟಹುಣಿಯ ಮೇಲೆ ನಿಂತಿದ್ದ ದೊಡ್ಡ ಮಾವ ಕೇಳಿದರು, "ಅಡಿಯಲ್ಲಿ ಎಣ್ಣೆಯೂ ಇರಬಹುದಾ?"

"ಇರಬಹುದು! ಯಾರಿಗೆ ಗೊತ್ತು?" ಎಂದು ಸಣ್ಣ ಮಾವ ನಕ್ಕರು.

ಕಚ್ಚಿ ನೋಡದೆ ಹೇಳಬೇಡ ಎಂದು ಊರಿಗೆಲ್ಲ ಹೇಳುವವರು ಅವತ್ತು ಹಾಗೆ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ಆ ಸಂಜೆ ಮಾತ್ರ ಅವಳೂ ಚಪ್ಪಾಳೆ ತಟ್ಟಿದ್ದಳು.

ಮುಂದಿನ ಮಳೆಗಾಲದ ಹೊತ್ತಿಗೆ ನನಗೆ ಮೂಡಬಿದಿರೆಯ ಒಂದು ಶಾಲೆಯಲ್ಲಿ ಕೆಲಸವಾಗಿತ್ತು. ಸಣ್ಣ ಮಾವ ಬರುತ್ತಾರೆಂದು ಭಾನುವಾರ ಮನೆಗೆ ಹೋಗಿದ್ದೆ. ಅವರು ಕೊಡೆ ಮಡಚುವಷ್ಟರಲ್ಲಿ ದೊಡ್ಡ ಮಾವ, "ಬೈಲಿಗೆ ಹೋಗಿ ಬರುವ" ಎಂದು ಕರೆದುಕೊಂಡು ಹೊರಟರು. ನಾನೂ ಹಿಂದೆ ಹೋದೆ. ಸುತ್ತಲಿನ ಗದ್ದೆಗಳಲ್ಲೆಲ್ಲ ಭತ್ತದ ನೇಜಿ ನೆಟ್ಟು ಹಸಿರಾಗಿತ್ತು. ನಮ್ಮ ಬೈಲು ಮಾತ್ರ ಹಾಳುಬಿದ್ದು ಕಳೆ ಎದ್ದಿತ್ತು. ಒರತೆಯ ನೀರು ನಿಂತ ಕಡೆ ಮೇಲೆ ನವಿಲಿನ ಬಣ್ಣದ ಒಂದು ತೆಳು ಪೊರೆ ಹೊಳೆಯುತ್ತಿತ್ತು.

ದೊಡ್ಡ ಮಾವ ಸುತ್ತ ನೋಡಿ ದನಿ ಇಳಿಸಿದರು. "ಕಳೆದ ಸಲ ಬರೇ ಗಾಳಿ ಇತ್ತು. ಈಗ ನೋಡು, ಎಣ್ಣೆಯೇ ಮೇಲೆ ಬಂದುಂಟು."

ಸಣ್ಣ ಮಾವ ಪೊರೆಯನ್ನು ನೋಡಲೇ ಇಲ್ಲ. "ನೇಜಿ ಯಾಕೆ ನೆಟ್ಟಿಲ್ಲ?" ಎಂದರು.

"ಒಕ್ಕಲು ಬಿಡಿಸಿದೆ. ನಾಳೆ ಎಣ್ಣೆ ಬರುವಾಗ ಅವನೂ ಹಕ್ಕು ಕೇಳಿದರೆ ಎಂತ ಮಾಡುದು?"

"ಯಾರು ಹೇಳಿದ್ದು ಎಣ್ಣೆ ಬರ್ತದೆ ಅಂತ?"

"ನೀನೇ ಹೇಳಿದ್ದಲ್ಲವಾ ಮಾರಾಯ!"

ಸಣ್ಣ ಮಾವ ಕೆಳಗೆ ಕುಕ್ಕುರು ಕುಳಿತು ಒಂದು ಕಡ್ಡಿಯಿಂದ ಆ ಪೊರೆಯನ್ನು ಮುಟ್ಟಿದರು. ತಣಿದ ಗಂಜಿಯ ಮೇಲಿನ ಕೆನೆಯ ಹಾಗೆ ಅದು ಚೂರು ಚೂರಾಗಿ ಒಡೆಯಿತು. ಒಡೆದದ್ದು ಒಡೆದ ಹಾಗೆಯೇ ತೇಲಿತು.

"ಎಣ್ಣೆಯಾದರೆ ಕಡ್ಡಿ ತೆಗೆದ ಮೇಲೆ ಪುನಃ ಕೂಡಿಕೊಳ್ತದೆ ಅಣ್ಣ. ಇದು ಕೂಡುವುದಿಲ್ಲ. ಇದು ಕೆಂಪುಕಲ್ಲಿನಿಂದ ಇಳಿದ ಕಬ್ಬಿಣದ ಕಿಲುಬು. ನಮ್ಮ ಊರಿನ ಎಲ್ಲ ಒರತೆಯಲ್ಲೂ ಉಂಟು. ಅಡಿಯಲ್ಲಿ ಇರುವುದು ಬಸದಿಯ ಕಂಬ ಕಡೆಯುವಂಥ ಗಟ್ಟಿ ಕಲ್ಲು. ಅದರಲ್ಲಿ ಎಣ್ಣೆ ಹುಟ್ಟುವುದೇ ಇಲ್ಲ."

"ಹಾಗಾದರೆ ಆ ಬೆಂಕಿ?"

"ಕೊಳೆತ ಸೊಪ್ಪಿನ ಗಾಳಿ."

"ಅದನ್ನು ಅವತ್ತೇ ಹೇಳ್ಬೇಕಿತ್ತು" ಎಂದರು ದೊಡ್ಡ ಮಾವ.

ಸಣ್ಣ ಮಾವ ಕಡ್ಡಿ ಬಿಸಾಡಿ ಎದ್ದರು. ಅಜ್ಜನನ್ನು ಕರೆಸಿ ಗದ್ದೆ ವಾಪಸು ಕೊಡುವ ಎಂದರು. ಅದು ಆಗುವ ಮಾತಲ್ಲ ಎಂದು ದೊಡ್ಡ ಮಾವ ತಲೆಯಾಡಿಸಿದರು. ಎಣ್ಣೆಯ ಸುದ್ದಿ ಹೊರಗೆ ಹೋಗಬಾರದೆಂದು ಅವರು ಪೇಟೆಯಲ್ಲಿ ಬೇರೆಯೇ ಕಾರಣ ಹೇಳಿದ್ದರು. ಮುದುಕನಿಗೆ ಬೇಸಾಯ ಬರುವುದಿಲ್ಲ, ಗದ್ದೆ ಹಾಳುಮಾಡಿದ, ಅದಕ್ಕೆ ಬಿಡಿಸಿದೆ ಎಂದು. "ನಾಲ್ಕು ಜನರ ಹತ್ತಿರ ಹೇಳಿ ಆಗಿದೆ. ಈಗ ಪುನಃ ಕರೆದರೆ ನನ್ನ ಮುಖಕ್ಕೆ ಎಂತ ಬೆಲೆ ಉಂಟು?" ಎಂದು ಮನೆಯ ಕಡೆ ತಿರುಗಿ ನಡೆದರು.

ಅಜ್ಜ ಮಗಳ ಮನೆಗೆ, ತೋಡಾರಿಗೆ ಹೋಗಿದ್ದಾರೆಂದು ತಿಳಿಯಿತು. ನನ್ನ ಶಾಲೆಯಿಂದ ದೂರವಲ್ಲ. ಮರುದಿನ ಸಣ್ಣ ಮಾವ ನನ್ನ ಜೊತೆಯಲ್ಲೇ ಮೂಡಬಿದಿರೆಯ ಬಸ್ಸು ಹತ್ತಿದರು. ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ತೋಡಾರಿಗೆ ಹೋದೆವು.

ಅಜ್ಜ ಜಗಲಿಯಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು. ನಮ್ಮನ್ನು ನೋಡಿ ಎದ್ದು ಚಾಪೆ ಹಾಸಿ, ಮತ್ತೆ ಹೆಣೆಯಲು ಕುಳಿತರು. ಸಣ್ಣ ಮಾವ ಸುತ್ತು ಬಳಸದೆ, "ಇದು ನನ್ನಿಂದ ಆದದ್ದು. ನಿಮಗೆ ನಾನು ಎಂತ ಮಾಡ್ಬೇಕು ಹೇಳಿ" ಎಂದರು.

ಅಜ್ಜ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಗದ್ದೆ ಇನ್ನು ಬೇಡ ಸಣ್ಣ ಧಣಿ. ಮಗಳ ಮನೆಯಲ್ಲಿ ಊಟಕ್ಕೆ ಉಂಟು. ಆದರೆ ಆ ಮಾತು ನನಗಿಂತ ಮೊದಲು ಇಲ್ಲಿಗೆ ಬಂದುಂಟು. ಬೇಸಾಯ ಬಾರದೆ ಗದ್ದೆ ಕಳಕೊಂಡು ಬಂದವ ಅಂತ ಹೇಳ್ತಾರೆ. ನೇಜಿ ನಡುವಾಗ ನೀರು ನೋಡಿ ಹೇಳ್ಲಿಕ್ಕೆ ಊರಿನ ಹಿರಿಯರನ್ನೆಲ್ಲ ಕರೀತಾರೆ, ನನ್ನನ್ನು ಕರೆಯುವುದಿಲ್ಲ. ಅಳಿಯನಿಗೂ ತಲೆ ಎತ್ತಲಿಕ್ಕೆ ಆಗುವುದಿಲ್ಲ. ಅದೊಂದು ತೆಗೀಲಿಕ್ಕೆ ಆಗ್ತದಾ ನಿಮ್ಮಿಂದ?"

ಇನ್ನೂ ಸ್ವಲ್ಪ ಹೊತ್ತು ಕುಳಿತೆವು. ಮಳೆಯ ಮಾತು, ದನದ ಮಾತು ಆಯಿತು. ಅಜ್ಜ ಎಲ್ಲದಕ್ಕೂ ಮರ್ಯಾದೆಯಿಂದ ಉತ್ತರ ಕೊಟ್ಟರು. ಎದ್ದು ಹೊರಟು ರಸ್ತೆಗೆ ಬಂದ ಮೇಲೆ ಸಣ್ಣ ಮಾವ ಕೇಳಿದರು, "ಬೆಲ್ಲ ನೀರು ಬರ್ಲಿಲ್ಲ, ನೋಡಿದೆಯಾ?"

ನೋಡಿದ್ದೆ. ನಮ್ಮ ಊರಿನಲ್ಲಿ ಜಗಲಿ ಹತ್ತಿದವನಿಗೆ, ಅವನು ವೈರಿಯೇ ಆಗಿರಲಿ, ಒಂದು ತುಂಡು ಬೆಲ್ಲ ಮತ್ತು ಒಂದು ಲೋಟ ನೀರು ಕೊಡದೆ ಕಳಿಸುವುದಿಲ್ಲ. ಬಹುಶಃ ಮರೆತಿರಬೇಕು ಎಂದು ಹೇಳಿದೆ.

"ಮರೆಯುವವರಲ್ಲ. ಸರಿಯೇ ಮಾಡಿದರು" ಎಂದು ಸಣ್ಣ ಮಾವ ಮುಂದೆ ನಡೆದರು.

ಆ ವಾರದಲ್ಲೇ ಸ್ವಾತಂತ್ರ್ಯೋತ್ಸವ. ದೇಶಕ್ಕೆ ಎಣ್ಣೆ ಹುಡುಕುವವರೊಬ್ಬರು ನನ್ನ ಮಾವನೆಂದು ತಿಳಿದ ದಿನದಿಂದ ನಮ್ಮ ಹೆಡ್ಮಾಸ್ಟರು ಅವರನ್ನು ಕರೆಸು ಎಂದು ನನ್ನ ಬೆನ್ನು ಹತ್ತಿದ್ದರು. ಸಣ್ಣ ಮಾವ ಇಂಥದಕ್ಕೆಲ್ಲ ಒಪ್ಪುವವರಲ್ಲ. ಈ ಸಲ ಕೇಳಿದಾಗ, "ತೋಡಾರಿನ ಮಕ್ಕಳೂ ನಿನ್ನ ಶಾಲೆಗೆ ಬರ್ತಾರಾ? ಅವರ ಮನೆಯವರು?" ಎಂದು ವಿಚಾರಿಸಿ, ಬರುತ್ತಾರೆ ಎಂದ ಮೇಲೆ ಒಪ್ಪಿಕೊಂಡರು. ನನಗೆ ಹಿಗ್ಗು. ಗೆರಟೆಯ ಆಟವನ್ನು ತೋರಿಸುತ್ತಾರೆಂದು ಹೆಡ್ಮಾಸ್ಟರ ಹತ್ತಿರ ಹೇಳಿಯೂ ಬಿಟ್ಟೆ. ಅವರು ಒಂದು ದೊಡ್ಡ ಬಾಲ್ದಿಯಲ್ಲಿ ಕೆರೆಯ ಕೆಸರು ತರಿಸಿಟ್ಟರು. ತಮ್ಮನಿಗೆ ಸನ್ಮಾನ ಎಂದು ದೊಡ್ಡ ಮಾವನೂ ಜರಿ ಅಂಚಿನ ಶಾಲು ಹೊದ್ದು ಬಂದು ಮುಂದಿನ ಸಾಲಿನಲ್ಲಿ ಕುಳಿತರು.

ಧ್ವಜ ಏರಿತು, ಹಾಡಾಯಿತು, ಹಾರ ಬಿತ್ತು. ಸಣ್ಣ ಮಾವ ಹಾರ ತೆಗೆದು ಮೇಜಿನ ಮೇಲಿಟ್ಟು ಗೆರಟೆಯನ್ನು ಕೈಗೆತ್ತಿಕೊಂಡರು. ಮಕ್ಕಳೆಲ್ಲ ಕತ್ತು ಉದ್ದ ಮಾಡಿದರು.

"ಮಕ್ಕಳೇ, ಇಂಥ ಒಂದು ಗೆರಟೆಯಲ್ಲಿ ನಾನು ಹೋದ ವರ್ಷ ಬೆಂಕಿ ಹೊತ್ತಿಸಿ ತೋರಿಸಿದೆ. ಕೊಳೆತ ಸೊಪ್ಪಿನಿಂದ ಬರುವ ಗಾಳಿ ಅದು. ಅಷ್ಟು ಹೇಳಿ ನಾನು ಸುಮ್ಮನಾಗಬೇಕಿತ್ತು. ಅಡಿಯಲ್ಲಿ ಎಣ್ಣೆ ಇರಬಹುದು ಎಂದೆ. ಯಾಕೆಂದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ಅದು ಖುಷಿಯಾಗಿತ್ತು. ಆ ಮಾತಿನಿಂದ ನಮ್ಮ ಮನೆಯಲ್ಲಿ ಒಬ್ಬ ಒಳ್ಳೆಯ ಬೇಸಾಯಗಾರರ ಗದ್ದೆ ಬಿಡಿಸಿದರು. ಅವರು ಈಗ ತೋಡಾರಿನಲ್ಲಿದ್ದಾರೆ. ಅವರಿಗೆ ಬೇಸಾಯ ಬಾರದೆ ಗದ್ದೆ ಹೋದದ್ದಲ್ಲ. ಕಲಿತವನಾದ ನನಗೆ ಬಾಯಿ ಹಿಡಿದುಕೊಳ್ಳಲು ಬಾರದೆ ಹೋದದ್ದು. ಇದನ್ನು ಮನೆಗೆ ಹೋಗಿ ಹೇಳಿ."

ಇಷ್ಟು ಹೇಳಿ ಗೆರಟೆಯನ್ನು ಮೇಜಿನ ಮೇಲಿಟ್ಟು ಕುಳಿತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಡ್ಮಾಸ್ಟರು ನನ್ನ ಕಡೆ ನೋಡಿದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ದೊಡ್ಡ ಮಾವ ಎದ್ದು, ಶಾಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಮಳೆಯಲ್ಲೇ ಬಸ್ಸಿನ ಕಡೆ ನಡೆದುಬಿಟ್ಟರು. ಅವರ ಕೊಡೆ ಕುರ್ಚಿಗೆ ಒರಗಿಕೊಂಡು ಅಲ್ಲೇ ಉಳಿಯಿತು.

ಅವತ್ತು ನನಗಾದ ನಾಚಿಕೆ ಸಣ್ಣದಲ್ಲ. ಆದರೆ ಅದು ಮಾವ ನಮ್ಮ ಮನೆಯ ವಿಷಯವನ್ನು ಊರಿನ ಎದುರು ಆಡಿದ್ದಕ್ಕೆ ಆದ ನಾಚಿಕೆ. ಹಾಳುಬಿದ್ದ ಬೈಲನ್ನು ನೋಡಿದಾಗ ಇದರ ಕಾಲು ಭಾಗವೂ ಆಗಿರಲಿಲ್ಲ. ನಾಚಬೇಕಾದ ಕಡೆ ನಾಚದೆ, ನಾಚಬಾರದ ಕಡೆ ಮುಖ ಮುಚ್ಚಿಕೊಂಡೆವೆಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ರಜೆ ಮುಗಿಸಿ ಹೊರಡುವ ಮೊದಲು ಸಣ್ಣ ಮಾವ ಮತ್ತೊಮ್ಮೆ ತೋಡಾರಿಗೆ ಹೋದರು. ನಾನೂ ಜೊತೆಗಿದ್ದೆ. ನಾವು ಕುಳಿತುಕೊಳ್ಳುವ ಮೊದಲೇ ಅಜ್ಜ ಮಗಳನ್ನು ಕೂಗಿದರು. ಒಳಗಿನಿಂದ ತಟ್ಟೆಯಲ್ಲಿ ಬೆಲ್ಲ ಬಂತು, ಚೆಂಬಿನಲ್ಲಿ ನೀರು ಬಂತು. ಸಣ್ಣ ಮಾವ ಗಟಗಟ ನೀರು ಕುಡಿದು ಲೋಟವನ್ನು ಮುಂದೆ ಹಿಡಿದು, "ಇನ್ನೊಂದು ಲೋಟ ಕೊಡ್ತೀರಾ?" ಎಂದರು.

"ಬೆಲ್ಲ ತೆಗೊಳ್ಳಿ ಸಣ್ಣ ಧಣಿ, ಬರೇ ನೀರು ಕುಡೀಬೇಡಿ" ಎಂದರು ಅಜ್ಜ. "ಅಳಿಯ ಬಂದು ಎಲ್ಲ ಹೇಳಿದ. ನಿನ್ನೆ ಆಚೆ ಮನೆಯವರು ನೀರು ನೋಡ್ಲಿಕ್ಕೆ ಕರೆದಿದ್ದರು."

ದೊಡ್ಡ ಮಾವ ತಮ್ಮನ ಜೊತೆ ಆಮೇಲೆ ಮಾತಾಡಲಿಲ್ಲ. ಆಟಿಗೆ ಬರುವ ಮದುಮಗಳಿಗೆ ತವರು ಮುಚ್ಚಿತು. ಅವರು ಪ್ರತಿ ಮಳೆಗಾಲ ಮೂಡಬಿದಿರೆಯ ನನ್ನ ಬಾಡಿಗೆ ಮನೆಗೆ ಬರತೊಡಗಿದರು. ಬಂದ ಮೊದಲ ದಿನ, "ಈ ಅಕ್ಕಿ ಎಲ್ಲಿಯದು?" ಎಂದು ಕೇಳಿದರು. ಅಮ್ಮ ಮನೆಯಿಂದ ಹುಲ್ಲಿನಲ್ಲಿ ಕಟ್ಟಿ ಕಳಿಸಿದ ಮುಡಿ ಎಂದೆ. ಆ ಬೈಲಿಗೆ ದೊಡ್ಡ ಮಾವ ಬೇರೆ ಒಕ್ಕಲು ಇಟ್ಟಿದ್ದರು, ಅದು ಅಲ್ಲಿಯ ಅಕ್ಕಿ. ಸಣ್ಣ ಮಾವ ಪೇಟೆಗೆ ಹೋಗಿ ಅಂಗಡಿಯ ಅಕ್ಕಿ ತಂದರು. ಇದ್ದಷ್ಟು ದಿನವೂ ಅದನ್ನೇ ಉಂಡರು. ಇವರದೊಂದು ಅತಿ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಬೂದು ಕಲ್ಲು ಕಚ್ಚುವುದನ್ನು ಅವರು ಬಿಡಲಿಲ್ಲ. ಆದರೆ ಅದರ ಮಾತು ಕಡಿಮೆಯಾಯಿತು. ಕೆಸರುಗಲ್ಲಿನ ಅನಿಲದ ಬಗ್ಗೆ ಬರೆಯುತ್ತಿದ್ದ ಪ್ರಬಂಧ ಎಲ್ಲಿಗೆ ಬಂತು ಎಂದು ಒಮ್ಮೆ ಕೇಳಿದೆ. "ಅದರಲ್ಲಿ ಎಲ್ಲ ಕಡೆ 'ಇರಬಹುದು' ಎಂದು ಬರೆಯಬೇಕಾಗ್ತದೆ ಮಗಾ. ನನಗೆ ಆ ಮಾತು ಬರೆಯಲಿಕ್ಕೆ ಈಗ ಕೈ ಬರುವುದಿಲ್ಲ" ಎಂದರು. ಪ್ರಬಂಧ ಹೊರಗೆ ಬರಲೇ ಇಲ್ಲ. ಬಿಟ್ಟುಕೊಡದ ಆ ಕಲ್ಲನ್ನು ಒಡೆದು ದೂರದ ದೇಶಗಳಲ್ಲಿ ಅನಿಲ ತೆಗೆಯುತ್ತಿದ್ದಾರೆಂದು ನಾನು ಈಗ ಪತ್ರಿಕೆಯಲ್ಲಿ ಓದುತ್ತೇನೆ. ನಮ್ಮ ಬೈಲಿನ ಮಟ್ಟಿಗೆ ತಪ್ಪಾದ 'ಇರಬಹುದು' ಎಂಬ ಮಾತು ಅಲ್ಲಿ ಸರಿಯಾಗಿಯೇ ಇತ್ತು. ಅವರಿಂದ ಆ ಮಾತನ್ನು ಕಿತ್ತುಕೊಂಡವರಲ್ಲಿ ನಮ್ಮ ಮನೆಯೂ ಸೇರಿದೆ ಎಂದು ನೆನೆದಾಗ ಪತ್ರಿಕೆ ಮಡಚಿಡುತ್ತೇನೆ.

ಅರವತ್ತರ ದಶಕದ ಕೊನೆಗೆ ಸಣ್ಣ ಮಾವ ಗುಜರಾತಿನಲ್ಲೇ ಜ್ವರ ಬಂದು ತೀರಿಕೊಂಡರು. ತಂತಿ ಬಂದಾಗ ದೊಡ್ಡ ಮಾವ ಕ್ರಿಯೆಗಳನ್ನೆಲ್ಲ ಮಾಡಿಸಿದರು. ನಾನು ಮೂಡಬಿದಿರೆಗೆ ಮರಳಿದ ಮೇಲೆ, ಒಂದು ಬೆಳಿಗ್ಗೆ, ಅಜ್ಜ ಕೋಲೂರಿಕೊಂಡು ತೋಡಾರಿನಿಂದ ಬಂದರು. ಜಗಲಿಯಲ್ಲಿ ಕುಳಿತರು. ನಾನು ಬೆಲ್ಲ ನೀರು ತಂದಿಟ್ಟೆ.

"ಅಂಥವರು ಹೋಗ್ತಾರೆ" ಎಂದರು. ಆಮೇಲೆ ಕೇಳಿದರು, "ಆ ಬೈಲಿನಲ್ಲಿ ಈಗ ಪೈರು ಹೇಗೆ ಬರ್ತದೆ ಅಕ್ಕ?"

"ಒಳ್ಳೆ ಬರ್ತದೆ ಅಜ್ಜ."

"ಬರ್ತದಲ್ಲ? ಒಳ್ಳೆಯ ಗದ್ದೆ ಅದು. ಮೂಡು ಬದಿಯ ಕಟ್ಟ ಸ್ವಲ್ಪ ನೋಡಿಕೊಳ್ಳಲಿಕ್ಕೆ ಹೇಳಿ, ಅಲ್ಲಿ ನೀರು ಸೋರ್ತದೆ" ಎಂದು ಕೋಲು ಹಿಡಿದು ಎದ್ದರು.

ಆ ಗದ್ದೆಯ ಅಕ್ಕಿಯ ಮುಡಿ ನನ್ನ ಅಡಿಗೆಮನೆಯಲ್ಲೇ ಇತ್ತು. ನಾನು ಆ ಬೆಳಿಗ್ಗೆ ಉಂಡ ಗಂಜಿಯೂ ಅದರದೇ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಣ್ಣ ಮಾವನಾಗಿದ್ದರೆ ಹೇಳುತ್ತಿದ್ದರು.